ಕೆಂಪು ಟ್ಯೂಬಿನ ಗುಟ್ಟು: ರಬ್ಬರ್ ಎಳೆದು ವಿಮಾನ ಹಾರಿಸಿದ ಕಥೆ

ಕಳೆದ ಜನವರಿಯ ಒಂದು ಮಧ್ಯಾಹ್ನ. ಪೊನ್ನಂಪೇಟೆ ಹತ್ತಿರದ ಗದ್ದೆಗಳಲ್ಲಿ ಕುಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ಬೇರೊಂದು ಸುದ್ದಿಗೆ ಹೋಗಿದ್ದ ನಾನು ಬೈಕಿನಲ್ಲಿ ವಾಪಸ್ ಬರುತ್ತಿದ್ದೆ. ಗದ್ದೆ ನಡುವೆ ನಾಲ್ಕು ಹುಡುಗರು ಬಿಳಿ ಥರ್ಮಾಕೋಲ್ ವಿಮಾನ ಹಿಡಿದು ನಿಂತಿದ್ದು ಕಂಡು ಬೈಕ್ ನಿಲ್ಲಿಸಿದೆ.

ವಿಮಾನಕ್ಕೆ ಮೋಟಾರ್ ಇರಲಿಲ್ಲ, ಫ್ಯಾನೂ ಇರಲಿಲ್ಲ. ಒಳಗೆ ಒಂದು ಸಣ್ಣ ಬ್ಯಾಟರಿ, ರೇಡಿಯೊ ರಿಸೀವರ್, ಬಾಲವನ್ನು ತಿರುಗಿಸುವ ಎರಡು ಪುಟ್ಟ ಯಂತ್ರ, ಅಷ್ಟೇ. ಹಾರಿಸುವ ಕೆಲಸವೆಲ್ಲ ರಬ್ಬರಿನದು. ಹಳೇ ಸೈಕಲ್ ಟ್ಯೂಬ್‌ಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಗಂಟು ಹಾಕಿ ಉದ್ದ ಮಾಡಿ, ಒಂದು ತುದಿಯನ್ನು ಗೂಟಕ್ಕೆ ಕಟ್ಟಿದ್ದರು. ಇನ್ನೊಂದು ತುದಿಗೆ ನೈಲಾನ್ ದಾರ, ದಾರದ ಕೊನೆಗೆ ಬಳೆ. ಬಳೆಯನ್ನು ವಿಮಾನದ ಹೊಟ್ಟೆಯ ಕೊಕ್ಕೆಗೆ ಸಿಕ್ಕಿಸಿ, ಹಿಂದಕ್ಕೆ ಎಳೆದು ಬಿಟ್ಟರು. ವಿಮಾನ ಆಳೆತ್ತರ ಏರಿ ಮೂಗು ಕೆಳಗೆ ಮಾಡಿ ಬಿತ್ತು. ಮೂರು ಸಲವೂ ಅದೇ ಕಥೆ.

ಬದುವಿನ ಮೇಲೆ ಹಸು ಹಿಡಿದುಕೊಂಡು ನಿಂತಿದ್ದ ಹಿರಿಯರೊಬ್ಬರು ಕೂಗಿ ಹೇಳಿದರು: "ಎಂತ ಮೋನೆ, ಕಪ್ಪು ಟ್ಯೂಬಿನಲ್ಲಿ ಎಲ್ಲಿಯಾದರೂ ಹಾರುವುದುಂಟಾ? ನಮ್ಮ ಕಾಲದಲ್ಲಿ ಕ್ಯಾಟರ್‌ಬಿಲ್ಲಿಗೆ ಕೆಂಪು ಟ್ಯೂಬೇ ಆಗಬೇಕಿತ್ತು."

ಹುಡುಗರು ನಕ್ಕರು. ನಾನೂ ನಕ್ಕೆ. ಟ್ಯೂಬಿನ ಬಣ್ಣಕ್ಕೂ ವಿಮಾನಕ್ಕೂ ಏನು ಸಂಬಂಧ ಅನ್ನಿಸಿತು.

ವಿಮಾನ ಮಾಡಿದ ಹುಡುಗ ಪಿಯುಸಿ ಓದುತ್ತಿದ್ದಾನೆ. ಅಪ್ಪ ಅಮ್ಮ ತೋಟದ ಕೆಲಸದವರು, ಮನೆ ಲೈನ್‌ಮನೆ. ರೇಡಿಯೊ ಸೆಟ್ಟು ಮೈಸೂರಿನಲ್ಲಿರುವ ಸಂಬಂಧಿಕರಿಂದ ಬಂದ ಹಳೇದು. "ಮೋಟಾರು, ದೊಡ್ಡ ಬ್ಯಾಟರಿ, ಚಾರ್ಜರ್ ಎಲ್ಲ ಸೇರಿದರೆ ಸಾವಿರಾರು ರೂಪಾಯಿ ಆಗುತ್ತೆ ಅಣ್ಣ. ಮನೆಯಲ್ಲಿ ಕೇಳೋ ಹಾಗಿಲ್ಲ" ಅಂದ. ಏರ್‌ಫೋರ್ಸ್ ಸೇರಬೇಕು ಅನ್ನುವುದು ಅವನ ಆಸೆ. ಅಷ್ಟು ಹೇಳಿ ತಲೆ ತಗ್ಗಿಸಿದ. ಹಾರಾಟ ಅನ್ನುವುದು ದುಡ್ಡಿದ್ದವರ ಮನೆಯ ಮಕ್ಕಳಿಗೆ ಅಂತ ಅವನು ಆಗಲೇ ಅರ್ಧ ನಂಬಿಬಿಟ್ಟಿದ್ದ.

ಆ ರಾತ್ರಿ ಮನೆಗೆ ಬಂದು ಓದುತ್ತಾ ಕೂತೆ. ಓದಿದಷ್ಟೂ ಎರಡು ವಿಷಯ ಸ್ಪಷ್ಟವಾಯಿತು. ಒಂದು, ಅಜ್ಜ ಹೇಳಿದ್ದು ಸರಿ. ಎರಡು, ಹುಡುಗ ನಂಬಿದ್ದು ತಪ್ಪು.

ಇಂಜಿನ್‌ಗಿಂತ ಮೊದಲು ರಬ್ಬರ್

ಮರದಿಂದ ಬಂದ ಹಸಿ ರಬ್ಬರ್ ಬಿಸಿಲಿಗೆ ಅಂಟಂಟು, ಚಳಿಗೆ ಗಟ್ಟಿ. ಅದನ್ನು ಕೆಲಸಕ್ಕೆ ಬರುವ ವಸ್ತುವಾಗಿ ಮಾಡಿದ್ದು ಗಂಧಕ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಅಂಟುವುದೂ ಇಲ್ಲ, ಒಡೆಯುವುದೂ ಇಲ್ಲ, ಎಳೆದರೆ ಮತ್ತೆ ಮೊದಲಿನಂತಾಗುತ್ತದೆ ಎಂದು ಕಂಡುಕೊಂಡ. ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ಕೂಡ ಅದೇ ಹಾದಿಯಲ್ಲಿದ್ದ. 1845ರಲ್ಲಿ ಲಂಡನ್ನಿನ ಸ್ಟೀಫನ್ ಪೆರ್ರಿ ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದ. ನಾವು ದುಡ್ಡಿನ ಕಟ್ಟಿಗೆ ಹಾಕುವ ಬ್ಯಾಂಡಿನ ಮೂಲ ಅದು.

ಆಮೇಲೆ ಬಂದವನು ಫ್ರಾನ್ಸಿನ ಅಲ್ಫೋನ್ಸ್ ಪೆನೋ. ಸೊಂಟದ ಕಾಯಿಲೆಯಿಂದಾಗಿ ನೌಕಾಪಡೆ ಸೇರುವ ಆಸೆ ಕೈಬಿಟ್ಟ ಹುಡುಗ. 1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ, ಜನ ನೋಡುತ್ತಿದ್ದಂತೆ, ರಬ್ಬರ್ ಎಳೆಗಳನ್ನು ಹುರಿ ಮಾಡಿದ್ದ ಒಂದು ಪುಟ್ಟ ವಿಮಾನ ಬಿಟ್ಟ. ಹುರಿ ಬಿಚ್ಚಿಕೊಳ್ಳುತ್ತಾ ಫ್ಯಾನ್ ತಿರುಗಿತು. ವಿಮಾನ 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹಾರಿತು. ಯಾರೂ ಹಿಡಿಯದೆ ತಾನಾಗಿ ಸಮತೋಲ ಕಾಯ್ದುಕೊಂಡು ಹಾರಿದ್ದು ಅದರ ದೊಡ್ಡತನ. ಪೆನೋಗೆ ಆಗ 21 ವರ್ಷ. 30ನೇ ವಯಸ್ಸಿಗೇ ಅವನು ತೀರಿಕೊಂಡ.

1878ರಲ್ಲಿ ಅಮೆರಿಕದ ಒಬ್ಬ ಪಾದ್ರಿ ತನ್ನ ಇಬ್ಬರು ಗಂಡುಮಕ್ಕಳಿಗೆ ಒಂದು ಆಟಿಕೆ ತಂದುಕೊಟ್ಟ. ರಬ್ಬರ್ ಹುರಿಯಿಂದ ಮೇಲಕ್ಕೆ ಹಾರುವ, ಪೆನೋ ಮಾದರಿಯ ಆಟಿಕೆ. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್ ರೈಟ್. 25 ವರ್ಷದ ನಂತರ, 1903ರ ಡಿಸೆಂಬರ್ 17ರಂದು, ಜಗತ್ತಿನ ಮೊದಲ ಇಂಜಿನ್ ವಿಮಾನ ಹಾರಿಸಿದವರು ಅವರೇ. ವೃತ್ತಿಯಲ್ಲಿ ಸೈಕಲ್ ಅಂಗಡಿಯವರು.

ಹಗ್ಗ ಹಿಡಿದು ಓಡಿದವರು

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಇಂಜಿನ್ ವಿಮಾನ ಕಟ್ಟುವುದಕ್ಕೆ 1919ರ ವರ್ಸೇಲ್ಸ್ ಒಪ್ಪಂದ ಅಡ್ಡಿಯಾಯಿತು. ಅಲ್ಲಿನ ಯುವಕರು ಇಂಜಿನ್ ಇಲ್ಲದ ವಿಮಾನ, ಅಂದರೆ ಗ್ಲೈಡರ್ ಕಡೆ ತಿರುಗಿದರು. 1920ರಿಂದ ವಾಸರ್‌ಕುಪ್ಪೆ ಎಂಬ ಬೋಳುಬೆಟ್ಟದಲ್ಲಿ ವರ್ಷ ವರ್ಷ ಸ್ಪರ್ಧೆ ನಡೆಯಿತು.

ಮನುಷ್ಯ ಕೂತ ಗ್ಲೈಡರನ್ನು ಹಾರಿಸುತ್ತಿದ್ದುದು ಹೇಗೆ? ನೂರಾರು ರಬ್ಬರ್ ಎಳೆಗಳನ್ನು ಸೇರಿಸಿ ಮೇಲೆ ಹತ್ತಿಯ ನೂಲು ಹೆಣೆದ ದಪ್ಪ ಹಗ್ಗ. ಹಗ್ಗದ ನಡುಭಾಗ ಗ್ಲೈಡರಿನ ಮೂಗಿನ ಕೊಕ್ಕೆಗೆ. ಎರಡು ತುದಿಗಳನ್ನು ಹಿಡಿದ ಗುಂಪುಗಳು ಕವಲಿನ ಹಾಗೆ ಎರಡು ಕಡೆಗೆ ಇಳಿಜಾರಿನಲ್ಲಿ ಓಡಬೇಕು. ಬಾಲವನ್ನು ಇನ್ನಿಬ್ಬರು ಮೂವರು ಗಟ್ಟಿಯಾಗಿ ಹಿಡಿದಿರಬೇಕು. "ಎಳೆಯಿರಿ", "ಓಡಿ", "ಬಿಡಿ" ಎಂದು ಮೂರು ಆಜ್ಞೆ. ಬಾಲ ಬಿಟ್ಟ ಕೂಡಲೇ ಗ್ಲೈಡರ್ ಚಿಮ್ಮುತ್ತಿತ್ತು. ನಮ್ಮ ಹುಡುಗರು ಗದ್ದೆಯಲ್ಲಿ ಮಾಡುತ್ತಿದ್ದುದು ಇದರದ್ದೇ ಮರಿ. ಓಡುವ ಜನರ ಜಾಗದಲ್ಲಿ ಗೂಟ, ಅಷ್ಟೇ ವ್ಯತ್ಯಾಸ. ಮಾದರಿ ವಿಮಾನದವರು ಇದಕ್ಕೆ ಹೈ-ಸ್ಟಾರ್ಟ್ ಅನ್ನುತ್ತಾರೆ.

ನಮ್ಮ ರಾಜ್ಯದ ಕಥೆಯಲ್ಲೂ ಗ್ಲೈಡರ್ ಇದೆ. ಜರ್ಮನಿಯ ಗಾಟಿಂಗನ್‌ನಲ್ಲಿ ಪ್ರಾಂಟಲ್ ಎಂಬ ದೊಡ್ಡ ವಿಜ್ಞಾನಿಯ ಬಳಿ ಓದಿ ಬಂದ ಡಾ. ವಿ. ಎಂ. ಘಾಟಗೆ ಬೆಂಗಳೂರಿನಲ್ಲಿದ್ದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ಇಂದಿನ ಎಚ್‌ಎಎಲ್ ಅದೇ. ಅಲ್ಲಿ 1940ರ ದಶಕದ ಆರಂಭದಲ್ಲಿ ಘಾಟಗೆ ವಿನ್ಯಾಸ ಮಾಡಿದ್ದು ಹತ್ತು ಜನ ಕೂರಬಹುದಾದ ಒಂದು ಗ್ಲೈಡರ್. ಅಷ್ಟು ದೊಡ್ಡದನ್ನು ರಬ್ಬರ್ ಹಗ್ಗದಿಂದ ಎಳೆಯಲಾಗದು, ವಿಮಾನವೇ ಎಳೆಯಬೇಕು. ಆದರೂ ನೋಡಿ, ನಮ್ಮವರೇ ರೂಪಿಸಿ ಬೆಂಗಳೂರಿನಲ್ಲಿ ಕಟ್ಟಿದ ಮೊದಲ ವಿಮಾನಕ್ಕೆ ಇಂಜಿನ್ ಇರಲಿಲ್ಲ.

ಘಾಟಿ ಕೆಳಗಿನ ಮರ

ಈಗ ರಬ್ಬರಿನ ಕಡೆ ಬರೋಣ. ಇದು ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಮರ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವ ಬ್ರೆಜಿಲ್‌ನಿಂದ ಸುಮಾರು 70,000 ಬೀಜ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಕೆಲವೇ ಸಾವಿರ. ಆ ಸಸಿಗಳು ಸಿಲೋನಿಗೆ, ಮಲಯಾಕ್ಕೆ ಹೋದವು. ನಮ್ಮ ದೇಶದಲ್ಲಿ ವ್ಯಾಪಾರಕ್ಕಾಗಿ ಮೊದಲ ದೊಡ್ಡ ತೋಟ ಎದ್ದದ್ದು 1902ರಲ್ಲಿ, ಕೇರಳದ ಪೆರಿಯಾರ್ ದಂಡೆಯ ತಟ್ಟೇಕಾಡಿನಲ್ಲಿ.

ಪೊನ್ನಂಪೇಟೆ ಸುತ್ತ ಕಾಫಿ, ಕರಿಮೆಣಸು, ಭತ್ತ. ರಬ್ಬರ್ ನೋಡಬೇಕಾದರೆ ಘಾಟಿ ಇಳಿಯಬೇಕು. ಗೋಣಿಕೊಪ್ಪ, ವಿರಾಜಪೇಟೆ ದಾಟಿ ಮಾಕುಟ್ಟದಲ್ಲಿ ಇಳಿದರೆ ಇರಿಟ್ಟಿ ಕಡೆ ಗುಡ್ಡಗಳೆಲ್ಲ ರಬ್ಬರ್. ಮಡಿಕೇರಿಯಿಂದ ಪಶ್ಚಿಮಕ್ಕೆ ಇಳಿದರೆ ನಮ್ಮ ಜಿಲ್ಲೆಯದೇ ಸಂಪಾಜೆ, ಪೆರಾಜೆ. ಭಾಗಮಂಡಲದಾಚೆ ಕರಿಕೆ. ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಿಂದ ಶ್ರೀಲಂಕಾ ಬಿಟ್ಟು ಬಂದ ತಮಿಳು ಕುಟುಂಬಗಳಿಗೆ ಅಲ್ಲಿ ಕೆಲಸ ಕೊಟ್ಟರು. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಅವರು ಮರ ಕೆತ್ತಲು ಹೊರಡುತ್ತಾರೆ. ಬಿಸಿಲೇರುವ ಮುಂಚೆ ಹಾಲು ಚೆನ್ನಾಗಿ ಇಳಿಯುತ್ತದೆ.

ಆ ಹಾಲಿಗೆ ಎರಡು ದಾರಿ. ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಒತ್ತಿ, ಹೊಗೆಗೆ ಒಣಗಿಸಿದರೆ ಶೀಟು. ಟೈರಿಗೆ ಹೋಗುವುದು ಹೆಚ್ಚಾಗಿ ಇದು. ಹೆಪ್ಪುಗಟ್ಟದಂತೆ ಅಮೋನಿಯ ಬೆರೆಸಿ, ಯಂತ್ರದಲ್ಲಿ ತಿರುಗಿಸಿ ನೀರು ಕಡಿಮೆ ಮಾಡಿದರೆ ನೂರಕ್ಕೆ 60 ಭಾಗ ರಬ್ಬರ್ ಇರುವ ದಪ್ಪ ಹಾಲು. ಇದರಲ್ಲಿ ಅಚ್ಚನ್ನು ಅದ್ದಿ ತೆಗೆದು ಮಾಡುವುದೇ ಬಲೂನು, ಆಸ್ಪತ್ರೆಯ ಕೈಗವಸು ಮತ್ತು ಜೇನು ಬಣ್ಣದ ಲ್ಯಾಟೆಕ್ಸ್ ಟ್ಯೂಬು. ಹಾಲನ್ನು ಅರೆಯದೆ, ಜಜ್ಜದೆ ನೇರವಾಗಿ ಬಳಸುವುದರಿಂದ ರಬ್ಬರಿನ ಉದ್ದನೆಯ ಎಳೆಗಳು ತುಂಡಾಗುವುದಿಲ್ಲ. ಅದಕ್ಕೇ ಈ ಟ್ಯೂಬ್ ಅಷ್ಟು ಎಳೆದರೂ ಹರಿಯುವುದಿಲ್ಲ.

ಯುದ್ಧ ಟ್ಯೂಬ್ ಬದಲಿಸಿತು

ಕೆಂಪು ಟ್ಯೂಬಿನ ಗುಟ್ಟು ಇಲ್ಲಿದೆ. 1942ರಲ್ಲಿ ಜಪಾನ್ ಮಲಯಾ, ಸಿಂಗಪುರ, ಜಾವಾಗಳನ್ನು ಹಿಡಿಯಿತು. ಜಗತ್ತಿನ ರಬ್ಬರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರುತ್ತಿದ್ದುದು ಆ ಭಾಗದಿಂದ. ಬ್ರಿಟನ್, ಅಮೆರಿಕದ ಲಾರಿ, ವಿಮಾನಗಳ ಟೈರಿಗೆ ರಬ್ಬರ್ ಇಲ್ಲದಾಯಿತು. ಅಮೆರಿಕ ಅವಸರದಲ್ಲಿ ಪೆಟ್ರೋಲಿಯಂನಿಂದ ಕೃತಕ ರಬ್ಬರ್ ಮಾಡತೊಡಗಿತು. ಇತ್ತ ನಮ್ಮಲ್ಲಿ ರಬ್ಬರ್ ಬೆಳೆ ಹೆಚ್ಚಿಸಿ ಎಂಬ ಒತ್ತಡ ಬಂತು. 1947ರ ರಬ್ಬರ್ ಕಾಯ್ದೆ, ಮುಂದೆ ಕೊಟ್ಟಾಯಂನ ರಬ್ಬರ್ ಬೋರ್ಡ್, ಎಲ್ಲ ಆ ಕಾಲದ ಬೆನ್ನಿಗೇ ಬಂದವು.

ಕೃತಕ ರಬ್ಬರುಗಳಲ್ಲಿ ಒಂದು ಬ್ಯುಟೈಲ್. 1937ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದದ್ದು. ಇದರ ದೊಡ್ಡ ಗುಣ, ಗಾಳಿಯನ್ನು ಸೋರಲು ಬಿಡುವುದಿಲ್ಲ. ಮರದ ರಬ್ಬರಿನ ಟ್ಯೂಬಿಗೆ ಆಗಾಗ ಗಾಳಿ ಹೊಡೆಯಬೇಕು, ಬ್ಯುಟೈಲ್ ಟ್ಯೂಬಿಗೆ ಅಷ್ಟು ಬೇಕಿಲ್ಲ. ಹಾಗಾಗಿ ಟ್ಯೂಬ್ ಮಾಡುವವರು ನಿಧಾನವಾಗಿ ಬ್ಯುಟೈಲಿಗೆ ಬಂದರು.

ಆದರೆ ಗಾಳಿ ಹಿಡಿಯುವುದರಲ್ಲಿ ಗಟ್ಟಿಗನಾದ ಬ್ಯುಟೈಲ್, ಚಿಮ್ಮುವುದರಲ್ಲಿ ಸೋಮಾರಿ. ಮರದ ರಬ್ಬರಿನ ಚೆಂಡು ನೆಲಕ್ಕೆ ಹಾಕಿದರೆ ಪುಟಿಯುತ್ತದೆ. ಬ್ಯುಟೈಲ್ ಚೆಂಡು ಹಾಕಿದರೆ ಬಿದ್ದಲ್ಲೇ ಕೂರುತ್ತದೆ. ಎಳೆದಾಗ ನಾವು ಕೊಟ್ಟ ಶಕ್ತಿಯಲ್ಲಿ ಬಹುಪಾಲನ್ನು ಮರದ ರಬ್ಬರ್ ವಾಪಸ್ ಕೊಡುತ್ತದೆ. ಬ್ಯುಟೈಲ್ ಅದರಲ್ಲಿ ತುಂಬಾ ಭಾಗವನ್ನು ಒಳಗೇ ಬಿಸಿಯಾಗಿ ನುಂಗುತ್ತದೆ.

ಅಜ್ಜನ ಕಾಲದ ಕೆಂಪು ಟ್ಯೂಬ್ ಮರದ ರಬ್ಬರಿನದು. ಹುಡುಗರು ಕಟ್ಟಿದ್ದ ಕಪ್ಪು ಟ್ಯೂಬ್ ಬ್ಯುಟೈಲ್. ಬಣ್ಣ ಬರೀ ಗುರುತು. ಮರದ ರಬ್ಬರಿಗೂ ಮಸಿ ಬೆರೆಸಿದರೆ ಕಪ್ಪಾಗುತ್ತದೆ. ಆದರೆ ಕ್ಯಾಟರ್‌ಬಿಲ್ಲು ಹಿಡಿದ ಮಕ್ಕಳು ಪುಸ್ತಕ ಓದದೆ, ಬೆರಳಿನಲ್ಲೇ ಎಳೆದು ನೋಡಿ ಈ ವ್ಯತ್ಯಾಸ ಕಂಡುಕೊಂಡಿದ್ದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಜ್ಞಾನ ಬಂದದ್ದು ಹಕ್ಕಿಗಳ ಜೀವದ ಮೇಲೆ. ನಾನೂ ಚಿಕ್ಕವನಿದ್ದಾಗ ಕ್ಯಾಟರ್‌ಬಿಲ್ಲಿನಲ್ಲಿ ಒಂದು ಪಿಕಳಾರವನ್ನು ಬೀಳಿಸಿದ್ದೆ. ಕೈಗೆತ್ತಿಕೊಂಡಾಗ ಮೈ ಇನ್ನೂ ಬಿಸಿಯಿತ್ತು. ಆಮೇಲೆ ಬಿಲ್ಲು ಮುಟ್ಟಲಿಲ್ಲ. ಅದೇ ರಬ್ಬರಿನಲ್ಲಿ ಮಕ್ಕಳು ಹಕ್ಕಿಯಂಥದ್ದೇ ಒಂದನ್ನು ಹಾರಿಸುವುದು ನೋಡಿದಾಗ ನನಗೆ ಸಮಾಧಾನವಾಗುವುದು ಅದಕ್ಕೇ.

ಯಾವ ಟ್ಯೂಬ್ ತೆಗೆದುಕೊಳ್ಳಬೇಕು?

ಮುಂದಿನ ಭಾನುವಾರ ಹುಡುಗನ ಜೊತೆ ಸೇರಿ ಟ್ಯೂಬ್ ಹುಡುಕಿದೆ. ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ, ನಿಮ್ಮೂರಿನ ಮಕ್ಕಳಿಗೂ ಬೇಕಾಗಬಹುದು.

ಮೊದಲು ಜಾತಿ. ಗಾರೆ ಕೆಲಸದವರ ಪಾರದರ್ಶಕ ಲೆವೆಲ್ ಪೈಪ್, ಆಸ್ಪತ್ರೆಯ ಡ್ರಿಪ್ ಪೈಪ್ ಎರಡೂ ಪ್ಲಾಸ್ಟಿಕ್, ಚಿಮ್ಮುವುದಿಲ್ಲ. ಬೇಕಾದ್ದು ಲ್ಯಾಟೆಕ್ಸ್ ಟ್ಯೂಬ್. ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೇಳಿ. 10 ಸೆಂ.ಮೀ. ಗುರುತು ಹಾಕಿ, 30 ಸೆಂ.ಮೀ. ಆಗುವಷ್ಟು ಎಳೆದು, ನಿಮಿಷ ಹಿಡಿದು ಬಿಡಿ. ಹೆಚ್ಚುಕಮ್ಮಿ 10ಕ್ಕೇ ವಾಪಸ್ ಬಂದರೆ ಒಳ್ಳೇ ಮಾಲು. ತುಟಿಯಿಂದಲೂ ರಬ್ಬರನ್ನು ತಿಳಿಯಬಹುದು. ಅಗಲ ರಬ್ಬರ್ ಬ್ಯಾಂಡನ್ನು ಗಬಕ್ಕನೆ ಎಳೆದು ತುಟಿಗೆ ತಾಗಿಸಿದರೆ ಬೆಚ್ಚಗಿರುತ್ತದೆ. ಸಡಿಲ ಬಿಟ್ಟು ತಾಗಿಸಿದರೆ ತಣ್ಣಗೆ. 1805ರಲ್ಲಿ ಇದನ್ನು ಬರೆದಿಟ್ಟವನು ಇಂಗ್ಲೆಂಡಿನ ಜಾನ್ ಗಾಫ್. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.

ಎರಡನೆಯದು ದಪ್ಪ. ಎಳೆತದ ಬಲ ಟ್ಯೂಬಿನ ದಪ್ಪದಿಂದ ಬರುತ್ತದೆ, ಉದ್ದದಿಂದಲ್ಲ. ಉದ್ದ ಹೆಚ್ಚಾದರೆ ಅದೇ ಬಲ ಹೆಚ್ಚು ದೂರದವರೆಗೆ ಸಿಗುತ್ತದೆ. ಎಳೆತ ವಿಮಾನದ ತೂಕದ ಮೂರು ನಾಲ್ಕು ಪಟ್ಟು ಇದ್ದರೆ ಸಾಕು. ಹುಡುಗನ ವಿಮಾನ 600 ಗ್ರಾಂ. ಅದಕ್ಕೆ ಹೊರಗಿನ ಅಳತೆ 7 ಮಿ.ಮೀ., ಒಳಗಿನ ತೂತು 4 ಮಿ.ಮೀ. ಇರುವ ಟ್ಯೂಬ್ ತೆಗೆದುಕೊಂಡೆವು. ಕಾಫಿ ಹಣ್ಣು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಮೂರು ಪಟ್ಟು ಉದ್ದಕ್ಕೆ ಎಳೆದಾಗ ಮುಳ್ಳು ಎರಡು ಕೆಜಿ ದಾಟಿ ನಿಂತಿತು. ಒಂದೂವರೆ ಕೆಜಿಯ ದೊಡ್ಡ ವಿಮಾನವಾದರೆ 10 ಮಿ.ಮೀ. ಹೊರಳತೆ, 6 ಮಿ.ಮೀ. ತೂತಿನದು ಬೇಕಾಗುತ್ತದೆ. ಇದರಲ್ಲಿ ರಬ್ಬರ್ ಸುಮಾರು ಎರಡರಷ್ಟು ಇರುವುದರಿಂದ ಬಲವೂ ಎರಡರಷ್ಟು. ದಪ್ಪನೆಯದು ಸಿಗದಿದ್ದರೆ ತೆಳ್ಳಗಿನ ಎರಡನ್ನು ಜೋಡಿಸಿ ಕಟ್ಟಿದರೂ ನಡೆಯುತ್ತದೆ. ಬಲ ಜಾಸ್ತಿಯಾದರೆ ರೆಕ್ಕೆ ಮುರಿಯುತ್ತದೆ, ಅದು ನೆನಪಿರಲಿ.

ಮೂರನೆಯದು ಗೋಡೆ. ಟ್ಯೂಬಿನ ತುದಿ ಕತ್ತರಿಸಿ ನೋಡಿ, ತೂತು ಸರಿಯಾಗಿ ನಡುವಿನಲ್ಲಿರಬೇಕು. ಒಂದು ಕಡೆ ತೆಳ್ಳಗಿದ್ದರೆ ಅಲ್ಲೇ ಹರಿಯುತ್ತದೆ. ಎಳೆದು ಬೆಳಕಿಗೆ ಹಿಡಿದಾಗ ಸಣ್ಣ ಸೀಳು ಕಂಡರೆ ಬೇಡ.

ನಾಲ್ಕನೆಯದು ಉದ್ದ. ದೊಡ್ಡ ಮೈದಾನದಲ್ಲಿ 30 ಮೀಟರ್ ಟ್ಯೂಬ್, 120 ಮೀಟರ್ ದಾರ ಹಾಕುತ್ತಾರೆ. ಟ್ಯೂಬನ್ನು ಮೂರು ಪಟ್ಟು ಎಳೆದರೆ ಒಟ್ಟು 210 ಮೀಟರ್ ಜಾಗ ಬೇಕು. ನಮ್ಮ ಗದ್ದೆಗೆ ಅದರ ಅರ್ಧ ಸಾಕಾಯಿತು: 15 ಮೀಟರ್ ಟ್ಯೂಬ್, 60 ಮೀಟರ್ ದಾರ. ಮೂರು ನಾಲ್ಕು ಪಟ್ಟಿಗಿಂತ ಜಾಸ್ತಿ ಎಳೆಯಬೇಡಿ, ಟ್ಯೂಬಿನ ಆಯಸ್ಸು ಕಡಿಮೆಯಾಗುತ್ತದೆ.

ಮರದ ರಬ್ಬರಿಗೆ ಶತ್ರುಗಳೂ ಇದ್ದಾರೆ: ಬಿಸಿಲು, ಎಣ್ಣೆ, ಸೀಮೆಎಣ್ಣೆ, ಪೆಟ್ರೋಲು. ಆಟ ಮುಗಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಪೌಡರ್ ಹಾಕಿ ಕತ್ತಲ ಡಬ್ಬಿಯಲ್ಲಿಡಿ. ಬೈಕಿನ ಟೂಲ್ ಬಾಕ್ಸಿನಲ್ಲಿ ಮಾತ್ರ ಇಡಬೇಡಿ.

ಗೂಟ ಕಿತ್ತು ಬಂದಾಗ

ಟ್ಯೂಬ್ ಸರಿಯಾಗಿದ್ದರೂ ನಾವು ಒಂದು ತಪ್ಪು ಮಾಡಿದೆವು. ಗೂಟ ಹಳೇ ಮರದ್ದೇ ಇತ್ತು, ಮಣ್ಣು ಸಡಿಲವಿತ್ತು. ಟ್ಯೂಬ್ ಎಳೆದು ನಿಂತಿದ್ದಾಗ ಗೂಟ ಕಿತ್ತು ಹಾರಿ ಬಂದು ನನ್ನ ಮೊಣಕಾಲಿನ ಕೆಳಗೆ ಬಡಿಯಿತು. ವಾರ ಕುಂಟಿದೆ. ಎರಡು ಅಡಿ ಮೇಲೆ ಬಂದಿದ್ದರೆ ಕಥೆ ಬೇರೆ. ಎಳೆದ ರಬ್ಬರಿನಲ್ಲಿ ನಾವು ಹಾಕಿದ ಶಕ್ತಿಯೆಲ್ಲ ಕೂತಿರುತ್ತದೆ, ಅದು ವಿಮಾನಕ್ಕೆ ಹೋಗಬೇಕಾ ಕಣ್ಣಿಗೆ ಹೋಗಬೇಕಾ ಎಂದು ರಬ್ಬರಿಗೆ ಗೊತ್ತಿಲ್ಲ.

ಹಾಗಾಗಿ ಕಬ್ಬಿಣದ ಗೂಟ, ಎರಡು ಅಡಿ ಆಳ, ಎಳೆಯುವ ದಿಕ್ಕಿಗೆ ವಿರುದ್ಧವಾಗಿ ವಾಲಿಸಿ ಹೊಡೆಯಿರಿ. ದಾರದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಕರೆಂಟ್ ತಂತಿ ಹಾದುಹೋಗುವ ಗದ್ದೆ ಬೇಡವೇ ಬೇಡ. ಹರಿದ ನೈಲಾನ್ ದಾರವನ್ನು ಹೆಕ್ಕಿ ತನ್ನಿ, ದನ ತಿಂದೀತು. ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ: ಕತ್ತಲಾಗುವ ಮೊದಲೇ ಮನೆ ಸೇರಿ. ಆನೆಗೆ ಗ್ಲೈಡರ್ ಗೊತ್ತಿಲ್ಲ.

48 ಸೆಕೆಂಡ್

ಕೊಡಗಿನವರು ಆಕಾಶಕ್ಕೆ ಹೊಸಬರಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧ ಮೇಲಿನ ದಾಳಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ತಮ್ಮ ಹಳೇ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿ ವೀರಮರಣ ಅಪ್ಪಿದರು. ಆ ಸಾಹಸ ಬೆಳಕಿಗೆ ಬಂದು ಮಹಾವೀರ ಚಕ್ರ ಸಿಕ್ಕಿದ್ದು 20 ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಮಡಿಕೇರಿಗೆ ಹೋದಾಗಲೆಲ್ಲ ಅವರ ಪ್ರತಿಮೆ ನೋಡುತ್ತೇನೆ ಎಂದು ಹುಡುಗ ಹೇಳಿದ.

ಫೆಬ್ರವರಿಯ ಒಂದು ಬೆಳಗ್ಗೆ ಮತ್ತೆ ಅದೇ ಗದ್ದೆ. ಜೇನು ಬಣ್ಣದ ಟ್ಯೂಬ್, ಹೊಸ ಕಬ್ಬಿಣದ ಗೂಟ. ಹುಡುಗ ಗಾಳಿಗೆ ಎದುರಾಗಿ ನಿಂತ. ಹೆಜ್ಜೆ ಎಣಿಸಿ ಹಿಂದಕ್ಕೆ ನಡೆದು ಎಳೆದ. ವಿಮಾನದ ಮೂಗು ಸ್ವಲ್ಪ ಮೇಲೆ ಮಾಡಿ ಬಿಟ್ಟ. ಗಾಳಿಪಟದ ಹಾಗೆ ಅದು ಸರ್ರನೆ ಏರಿತು. ತುದಿಯಲ್ಲಿ ಬಳೆ ಕಳಚಿಕೊಂಡು, ಕಟ್ಟಿದ್ದ ಬಟ್ಟೆ ಚೂರಿನ ಜೊತೆ ಕೆಳಗೆ ಇಳಿಯಿತು. ಆಮೇಲೆ ಸದ್ದೇ ಇಲ್ಲ. ಬಿಳಿ ವಿಮಾನ ಅಡಿಕೆ ಮರಗಳಿಗಿಂತ ಎಷ್ಟೋ ಮೇಲೆ ತೇಲುತ್ತಾ ಎರಡು ಸುತ್ತು ಹಾಕಿ, ಕೂಳೆ ಮೇಲೆ ಜಾರಿ ನಿಂತಿತು.

ಮೊಬೈಲಿನಲ್ಲಿ ಲೆಕ್ಕ ಇಟ್ಟಿದ್ದೆ: 48 ಸೆಕೆಂಡ್. ಪೆನೋನ ವಿಮಾನ ಹಾರಿದ್ದು 11 ಸೆಕೆಂಡ್ ಎಂದು ಹುಡುಗನಿಗೆ ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಇನ್ನೊಂದು ಸಲ ಬಿಡ್ತೀನಿ ಅಣ್ಣ, ಟೈಮ್ ನೋಡಿ" ಅಂದ.

ಬದುವಿನ ಮೇಲೆ ಅಜ್ಜ ಇದ್ದರು. ಹುಡುಗ ಓಡಿಹೋಗಿ ಟ್ಯೂಬಿನ ಒಂದು ತುಂಡನ್ನು ಅವರ ಕೈಗಿಟ್ಟ. ಅಜ್ಜ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದರು.

"ಕೆಂಪಲ್ಲ" ಅಂದರು. "ಆದರೆ ಇದು ಅದೇ."